‘ಫೈಲ್ ಮುಂದೆ ಹೋಗ್ಬೇಕಂದ್ರೆ 12 ಪರ್ಸೆಂಟ್’ ಅಂದವನಿಗೆ ಏನು ಹೇಳಬೇಕು?

ಪ್ರಶ್ನೆ: ನಮ್ಮದು ಚಳ್ಳಕೆರೆ ಹತ್ತಿರದ ಹಳ್ಳಿ. ಅಣ್ಣನ ಮರದ ಗಾಣದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ, ಈಗ ನನ್ನದೇ ಒಂದು ಗಾಣ ಹಾಕಿ ಶೇಂಗಾ ಎಣ್ಣೆ ಮಾಡಬೇಕು ಅಂತ ಆಸೆ. ನಾನು ವಿಚಾರಿಸಿದ ಪ್ರಕಾರ ಎಲ್ಲ ಸೇರಿ 8.5 ಲಕ್ಷ ಸಾಕು. ಪಿಎಂಇಜಿಪಿ (ಹೊಸ ಸಣ್ಣ ಉದ್ಯಮಕ್ಕೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಯೋಜನೆ) ಸಾಲ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಬಂದರು. ‘12 ಲಕ್ಷಕ್ಕೆ ಹಾಕೋಣ, ಸಬ್ಸಿಡಿ ಜಾಸ್ತಿ ಬರುತ್ತೆ, ನನಗೆ 12 ಪರ್ಸೆಂಟ್ ಕೊಡಿ, ಅದರಲ್ಲಿ ಮ್ಯಾನೇಜರ್ ಸಾಹೇಬರದ್ದೂ ಸೇರಿದೆ’ ಅಂದರು. ಮಷೀನಿನ ಬೆಲೆಯ ಕೊಟೇಶನ್ನೂ ಅವರೇ ತರಿಸಿಕೊಡ್ತಾರಂತೆ. ನಾಲ್ಕು ದಿನದ ಹಿಂದೆ 40,000 ಅಡ್ವಾನ್ಸ್ ಕೊಟ್ಟು, ನಂಬಿಕೆಗೆ ಅಂತ ಮೂರು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟೆ. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ‘ಏನು ಅಡಮಾನ ಕೊಡ್ತೀರಿ’ ಅಂತ ಕೇಳಿದರು. ಎಲ್ಲರೂ ಕೊಟ್ಟೇ ಮಾಡಿಸಿಕೊಳ್ಳೋದು ಅಂತಾರೆ ನಮ್ಮ ಮನೆಯವರು. ನಾನು ಏನು ಮಾಡಲಿ?

ಉತ್ತರ: ನೋಡಿ ತಾಯಿ, ನೀವು ಕೇಳಿದ್ದು 12 ಪರ್ಸೆಂಟ್ ಬಗ್ಗೆ. ನನ್ನ ಕಣ್ಣು ಹೋಗಿ ನಿಂತಿದ್ದು ಆ ಮೂರು ಚೆಕ್ಕುಗಳ ಮೇಲೆ. ಆಮೇಲೆ ನೀವು ಸುಮ್ನೆ ಬರೆದುಬಿಟ್ಟ ಇನ್ನೊಂದು ಮಾತಿನ ಮೇಲೆ: ‘ಕೊಟೇಶನ್ನೂ ಅವರೇ ತರಿಸಿಕೊಡ್ತಾರಂತೆ’. ನಿಮ್ಮ ಪತ್ರ ಓದಿದ ದಿನವೇ ಫೋನ್ ಮಾಡಿ ಅರ್ಧ ವಿಷಯ ಹೇಳಿದ್ದೇನೆ, ಯಾಕೆಂದರೆ ನಿಮ್ಮ ಕೈಯಲ್ಲಿ ಇದ್ದಿದ್ದು ಇನ್ನು ಮೂರೇ ದಿನ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಚೆಕ್ಕು. ಖಾಲಿ ಚೆಕ್ಕಲ್ವಾ, ಮೊತ್ತವನ್ನೇ ಬರೆದಿಲ್ಲವಲ್ಲ, ಅದರಿಂದ ಏನಾಗುತ್ತೆ ಅಂದುಕೊಂಡಿರುತ್ತೀರಿ. ಸಹಿ ನಿಮ್ಮದೇ ಆಗಿದ್ದು ನೀವಾಗಿಯೇ ಕೊಟ್ಟ ಚೆಕ್ಕಾದರೆ, ಮಿಕ್ಕಿದ್ದನ್ನು ಬೇರೆಯವರು ತುಂಬಿದ್ದರೂ ಅದನ್ನು ಬಾಕಿ ತೀರಿಸೋಕೆ ಕೊಟ್ಟ ಚೆಕ್ಕು ಅಂತಲೇ ಕೋರ್ಟು ಮೊದಲು ಊಹಿಸುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲ, ನಾನು ಅವನಿಗೆ ಏನೂ ಕೊಡಬೇಕಾಗಿರಲಿಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ. ಚೆಕ್ ಬೌನ್ಸ್ ಕೇಸಿನಲ್ಲಿ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟು ದಂಡ, ಅಥವಾ ಎರಡೂ ಆಗಬಹುದು. ಏಜೆಂಟರು ಚೆಕ್ಕು ಇಟ್ಟುಕೊಳ್ಳೋದೇ ಇದಕ್ಕೆ. ಸಾಲ ಮಂಜೂರಾದ ಮೇಲೆ ನೀವು ಪರ್ಸೆಂಟೇಜ್ ಕೊಡೋಕೆ ಹಿಂದೆಮುಂದೆ ನೋಡಿದರೆ ನಿಮ್ಮ ಮೇಲೆ ಬಿಡೋ ಬಾಣ ಅದು. ಹಾಗಾಗಿ ಚೆಕ್ ನಂಬರುಗಳನ್ನು ಬರೆದು ನಿಮ್ಮ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಪತ್ರ ಕೊಡಿ, ಕಾರಣವನ್ನೂ ಬರೆಯಿರಿ, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಬರೀ ಸ್ಟಾಪ್ ಪೇಮೆಂಟ್ ಮಾಡಿದರೆ ಕೇಸು ತಪ್ಪುವುದಿಲ್ಲ, ಅದು ನೆನಪಿರಲಿ. ಅದಕ್ಕೇ ಚೆಕ್ ವಾಪಸ್ ಕೊಡಿ ಅಂತ ಆತನಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ. ಮುಂದೆ ಆತ ಕೇಸು ಹಾಕಿದರೆ ಅವತ್ತಿನ ತಾರೀಕೇ ನಿಮ್ಮ ಪರವಾಗಿ ಮಾತಾಡುತ್ತದೆ.

ಈಗ ಆ ಮನುಷ್ಯನ ವಿಷಯ. ‘ಮ್ಯಾನೇಜರ್ ಸಾಹೇಬರದ್ದೂ ಸೇರಿದೆ’ ಅಂದನಲ್ಲ, ಅದು ನಿಜ ಇರಬಹುದು, ಇಲ್ಲದೆಯೂ ಇರಬಹುದು. ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದಾಗ ಒಬ್ಬ ಟೈಲರ್ ಬಂದು ಸಾಲದ ಕಾಗದಕ್ಕೆಲ್ಲ ಸಹಿ ಹಾಕಿ, ಎದ್ದು ಹೋಗುವಾಗ ಕೈ ಮುಗಿದು, ‘ಸಾರ್, ನೀವು ಕೇಳಿದ್ದು 15,000, ನಮ್ಮ ಕಷ್ಟ ನೋಡಿ ಮೂರು ಸಾವಿರ ಕಡಿಮೆ ಮಾಡಿದ್ರಿ, ದೊಡ್ಡ ಮನಸ್ಸು ನಿಮ್ಮದು’ ಅಂದರು. ನನಗೆ ಎದೆ ಧಸಕ್ಕೆಂದಿತು. ನಾನು ಕೇಳಿದ್ದೂ ಇಲ್ಲ, ಕಡಿಮೆ ಮಾಡಿದ್ದೂ ಇಲ್ಲ! ವಿಚಾರಿಸಿದರೆ, ಬ್ಯಾಂಕಿನ ಎದುರು ಟೀ ಅಂಗಡಿಯಲ್ಲಿ ಕೂತಿರುತ್ತಿದ್ದ ಒಬ್ಬ ನನ್ನ ಹೆಸರಿನಲ್ಲಿ ದುಡ್ಡು ಎತ್ತುತ್ತಿದ್ದ. ಅವನ ವ್ಯಾಪಾರ ಬಹಳ ಸುಲಭದ್ದು. ಹತ್ತು ಜನರ ಹತ್ತಿರ ದುಡ್ಡು ತೆಗೆದುಕೊಳ್ಳುತ್ತಿದ್ದ. ಅದರಲ್ಲಿ ನಾಲ್ಕು ಜನರಿಗೆ ಹೇಗಿದ್ದರೂ ಸಾಲ ಆಗುತ್ತಿತ್ತು, ಅವರ ಕಾಗದಪತ್ರ ಸರಿ ಇದ್ದವು. ಆ ನಾಲ್ವರದ್ದು ಜೇಬಿಗೆ. ಉಳಿದ ಆರು ಜನಕ್ಕೆ ‘ಸಾಹೇಬರು ಒಪ್ಪಲಿಲ್ಲ’ ಅಂತ ಪೈಸೆ ಬಿಡದೆ ವಾಪಸ್. ಅದಕ್ಕೇ ಊರಲ್ಲಿ ಅವನಿಗೆ ಪ್ರಾಮಾಣಿಕ ಅಂತ ಹೆಸರು. ‘ಕೆಲಸ ಆಗದಿದ್ದರೆ ದುಡ್ಡು ವಾಪಸ್’ ಅನ್ನುವ ಏಜೆಂಟನನ್ನು ಕಂಡರೆ ನನಗೆ ಅವನೇ ನೆನಪಾಗುತ್ತಾನೆ.

ಹಾಗಂತ ಮ್ಯಾನೇಜರುಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಪಾಲು ತೆಗೆದುಕೊಳ್ಳುವವರ ಜೊತೆಯಲ್ಲೂ ಕೆಲಸ ಮಾಡಿದ್ದೇನೆ. ಅವರು ನೇರವಾಗಿ ಕೇಳುವುದು ಕಡಿಮೆ. ಫೈಲು ಹಾಗೇ ಮೇಜಿನ ಮೇಲೆ ಬಿದ್ದಿರುತ್ತದೆ, ದಿನಕ್ಕೊಂದು ಹೊಸ ಕಾಗದ ಕೇಳುತ್ತಾರೆ, ನಾಲ್ಕನೇ ಸಲ ಹೋದಾಗ ‘ಹೊರಗೆ ಅವರನ್ನು ಒಮ್ಮೆ ನೋಡಿ’ ಅನ್ನುತ್ತಾರೆ. ಇನ್ನೊಂದು ಕಾರಣವನ್ನೂ ಹೇಳಬೇಕು. ಬೇರೆ ರಾಜ್ಯದಿಂದ ವರ್ಗವಾಗಿ ಬಂದು, ಕನ್ನಡ ಬಾರದೆ, ಊರಲ್ಲಿ ಯಾರು ಎಂಥವರು ಅಂತ ತಿಳಿಯದೆ ಕೂತ ಅಧಿಕಾರಿಗೆ ಎರಡೂ ಭಾಷೆ ಬಲ್ಲ ಏಜೆಂಟನೇ ಕಣ್ಣು ಕಿವಿ ಆಗಿಬಿಡುತ್ತಾನೆ. ಲಂಚ ಆಮೇಲೆ ಬರುತ್ತದೆ, ಮೊದಲು ಬರೋದು ಈ ಅವಲಂಬನೆ.

ಸರಿ, ಮ್ಯಾನೇಜರ್ ಕಳ್ಳನೋ ಏಜೆಂಟ್ ಮಾತ್ರ ಕಳ್ಳನೋ, ನಿಮ್ಮ ಲೆಕ್ಕಕ್ಕೆ ಅದರಿಂದ ಬಹಳ ವ್ಯತ್ಯಾಸ ಇಲ್ಲ. ನಿಮ್ಮನ್ನು ಮುಳುಗಿಸೋದು ಕೊಟೇಶನ್.

ನೀವು ಮಹಿಳೆ, ಊರು ಗ್ರಾಮೀಣ ಪ್ರದೇಶ, ಹಾಗಾಗಿ ಪಿಎಂಇಜಿಪಿಯಲ್ಲಿ ಯೋಜನಾ ವೆಚ್ಚದ ಶೇ 35 ಸಬ್ಸಿಡಿ, ನಿಮ್ಮ ಕೈಯಿಂದ ಶೇ 5. ನಿಮ್ಮ ನಿಜವಾದ 8.5 ಲಕ್ಷಕ್ಕೆ ಸಬ್ಸಿಡಿ 2,97,500, ನಿಮ್ಮ ಪಾಲು 42,500, ಬ್ಯಾಂಕಿನ ಸಾಲ 8,07,500. ಏಜೆಂಟ್ ಹೇಳಿದ 12 ಲಕ್ಷಕ್ಕೆ ಸಬ್ಸಿಡಿ 4.2 ಲಕ್ಷ, ಸಾಲ 11.4 ಲಕ್ಷ. ‘ನೋಡಿ, ಸಬ್ಸಿಡಿಯೇ 1,22,500 ಜಾಸ್ತಿ ಬಂತಲ್ಲ, ನನ್ನ ಕಮಿಷನ್ 1,44,000, ಸರ್ಕಾರವೇ ಹೆಚ್ಚುಕಮ್ಮಿ ಕೊಟ್ಟ ಹಾಗಾಯ್ತು’ ಅಂತ ಆತ ಲೆಕ್ಕ ಹೇಳಿರುತ್ತಾನೆ. ಕೇಳೋಕೆ ಚೆನ್ನಾಗಿದೆ.

ಆದರೆ ಆ ಹೆಚ್ಚುವರಿ 3.5 ಲಕ್ಷ ನಿಮ್ಮ ಕೈಗೆ ಹೇಗೆ ಬರುತ್ತದೆ? ಮಷೀನಿನ ದುಡ್ಡನ್ನು ಬ್ಯಾಂಕು ನಿಮಗೆ ಕೊಡೋದಿಲ್ಲ, ಡೀಲರ್ ಖಾತೆಗೆ ಹಾಕುತ್ತದೆ. ಹಾಗಾಗಿ ಡೀಲರ್ 3.5 ಲಕ್ಷದ ಸುಳ್ಳು ಬಿಲ್ಲು ಸೇರಿಸಿ ಆಮೇಲೆ ನಗದು ವಾಪಸ್ ಕೊಡಬೇಕು. ಆ ಸುಳ್ಳು ಬಿಲ್ಲಿಗೂ ಜಿಎಸ್‌ಟಿ ಇದೆ. ಶೇ 18 ಅಂತಿಟ್ಟುಕೊಂಡರೆ ಸುಮಾರು 53,000 ಅಲ್ಲೇ ಹೋಯಿತು. ಏಜೆಂಟನಿಗೆ 1,44,000. ನಿಮ್ಮ ಪಾಲಿನಲ್ಲಿ ಜಾಸ್ತಿ ಹಾಕಿದ್ದು 17,500. ಡೀಲರ್ ಪುಣ್ಯಕ್ಕೆ ಏನೂ ಕತ್ತರಿಸದೆ ಕೊಟ್ಟ ಅಂದುಕೊಂಡರೂ (ಕೊಡೋದಿಲ್ಲ, ಬಿಡಿ) ನಿಮಗೆ ದಕ್ಕೋದು ಸುಮಾರು 1.35 ಲಕ್ಷ. ಸಬ್ಸಿಡಿ ಕಳೆದ ಮೇಲೂ ನಿಮ್ಮ ತಲೆಯ ಮೇಲೆ ಕೂತ ಹೆಚ್ಚಿನ ಸಾಲ 2.1 ಲಕ್ಷ. 75,000 ನಷ್ಟ, ಬಡ್ಡಿ ಬೇರೆ. ಸರ್ಕಾರದ ದುಡ್ಡಲ್ಲಿ ಲಂಚ ಕೊಟ್ಟೆ ಅಂದುಕೊಂಡವರು ತಮ್ಮ ದುಡ್ಡನ್ನೇ ಕೊಟ್ಟಿರುತ್ತಾರೆ.

ಮತ್ತೆ ಆ ಸಬ್ಸಿಡಿ ನಿಮ್ಮ ಕೈಗೆ ಬರುವ ದುಡ್ಡೂ ಅಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿರುತ್ತದೆ. ಘಟಕ ನಡೀತಿದೆಯಾ ಅಂತ ಬಂದು ಕಣ್ಣಾರೆ ನೋಡಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಬಂದವರು ಬಿಲ್ಲು ಹಿಡಿದುಕೊಂಡು, ‘ಇಲ್ಲಿ ಎರಡು ಗಾಣ ಅಂತಿದೆ, ಇನ್ನೊಂದು ಎಲ್ಲಿ’ ಅಂದರೆ ಏನು ತೋರಿಸುತ್ತೀರಿ?

ಆಗ ಏಜೆಂಟ್ ಎಲ್ಲಿರುತ್ತಾನೆ ಅಂತ ಯೋಚನೆ ಮಾಡಿ. ಆ ಫೈಲಿನಲ್ಲಿ ಅವನ ಹೆಸರು ಎಲ್ಲೂ ಇಲ್ಲ. ಅರ್ಜಿ ನಿಮ್ಮದು, ಪ್ರಾಜೆಕ್ಟ್ ರಿಪೋರ್ಟಿಗೆ ಸಹಿ ನಿಮ್ಮದು, ಕೊಟೇಶನ್ ಕೊಟ್ಟಿದ್ದು ನೀವು, ಮಷೀನು ಬಂತು ಅಂತ ಬರೆದುಕೊಟ್ಟಿದ್ದು ನೀವು. ಕಂತು ಮೂರು ತಿಂಗಳು ನಿಂತರೆ ಅದು ಬಾಕಿ ಬಿದ್ದ ಸಾಲ, ಅಂದರೆ ಎನ್‌ಪಿಎ. ಅಲ್ಲಿಗೇ ನಿಂತರೆ ಅದು ಬರೀ ಸಾಲದ ತೊಂದರೆ. ವ್ಯಾಪಾರದಲ್ಲಿ ಸೋಲೋದು ಅಪರಾಧ ಅಲ್ಲ. ಆದರೆ ಫೈಲು ತೆಗೆದು ನೋಡಿದಾಗ ಸುಳ್ಳು ಬಿಲ್ಲು ಸಿಕ್ಕಿತೋ, ಅದು ವಂಚನೆ ಆಗುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಸುಳ್ಳು ದಾಖಲೆ ಸೃಷ್ಟಿಗೆ 336, ಅದನ್ನು ಅಸಲಿ ಅಂತ ಬಳಸಿದ್ದಕ್ಕೆ 340. ಸಾಲಗಾರನ ಮಾತು ಕೇಳದೆ ಬ್ಯಾಂಕು ಖಾತೆಯನ್ನು ‘ಫ್ರಾಡ್’ ಅಂತ ಘೋಷಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. 2024ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ತಂದು, ನೋಟಿಸಿಗೆ ಉತ್ತರ ಕೊಡೋಕೆ ಕನಿಷ್ಠ 21 ದಿನ ಕೊಡಬೇಕು ಅಂದಿದೆ. ಒಳ್ಳೆಯದೇ. ಆದರೆ 21 ದಿನ ಕೊಟ್ಟರೂ ಇಲ್ಲದ ಗಾಣವನ್ನು ಎಲ್ಲಿಂದ ತರುತ್ತೀರಿ? ಫ್ರಾಡ್ ಅಂತ ಒಮ್ಮೆ ಹೆಸರು ಬಿದ್ದರೆ, ಪೂರ್ತಿ ಸಾಲ ತೀರಿಸಿದ ಮೇಲೂ ಐದು ವರ್ಷ ಯಾವ ಬ್ಯಾಂಕಿನಲ್ಲೂ ಸಾಲ ಹುಟ್ಟೋದಿಲ್ಲ.

ಸುಳ್ಳು ಬಿಲ್ಲು ಎಂಥ ಬ್ಯಾಂಕನ್ನೂ ಬಿಡೋದಿಲ್ಲ. ನೇಕಾರರಿಗೆ ನೆರವಾಗಲಿ ಅಂತ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ನೆನಪಿದೆಯಾ, ಮನೆಮನೆಗೆ ಬಂದು ಪಿಗ್ಮಿ ಕಟ್ಟಿಸಿಕೊಳ್ಳುತ್ತಿದ್ದ ಬ್ಯಾಂಕು? 2014ರ ಆಗಸ್ಟಿನಲ್ಲಿ ಅದರ ಅಂದಿನ ಅಧ್ಯಕ್ಷರನ್ನೇ ಸಿಬಿಐ ಬಂಧಿಸಿತು. ಕಂಪನಿಗಳ ಸಾಲದ ಮಿತಿ ಏರಿಸೋಕೆ 50 ಲಕ್ಷ ಲಂಚ ಅನ್ನುವುದು ಆರೋಪ. ಎರಡೇ ವರ್ಷಕ್ಕೆ, 2016ರಲ್ಲಿ, ಅದೇ ಬ್ಯಾಂಕಿನ ರಾಜಸ್ಥಾನದ ಶಾಖೆಗಳಲ್ಲಿ ನಕಲಿ ಬಿಲ್ಲು, ನಕಲಿ ವಿಮಾ ಪಾಲಿಸಿ ಇಟ್ಟು ಸುಮಾರು 1,000 ಕೋಟಿ ಎತ್ತಿದ ಪ್ರಕರಣ ಹೊರಗೆ ಬಂತು. 2020ರ ಏಪ್ರಿಲ್‌ನಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ವಿಲೀನಕ್ಕೆ ಇದೇ ಕಾರಣ ಅಂತ ನಾನು ಹೇಳೋದಿಲ್ಲ, ಅದು ಸರ್ಕಾರದ ದೊಡ್ಡ ವಿಲೀನದ ಭಾಗ. ಆದರೂ ಪಿಗ್ಮಿ ಕಟ್ಟಿದ ಮನೆಯವನಾದ ನನಗೆ ಆ ಸುದ್ದಿಗಳು ಬೇಜಾರು ತಂದಿದ್ದವು.

ಇನ್ನು ನಿಮ್ಮ ಕೈಯಲ್ಲಿರುವ ಹಕ್ಕುಗಳು. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ, ಪಿಎಂಇಜಿಪಿ ಘಟಕಗಳಿಗೂ ಅದು ಅನ್ವಯ. ನಿಮ್ಮ ನಿಜವಾದ ಲೆಕ್ಕದ ಸಾಲ 8 ಲಕ್ಷ ಚಿಲ್ಲರೆ, ಆ ಮಿತಿಯೊಳಗೇ ಇದೆ. ಮ್ಯಾನೇಜರ್ ಅಡಮಾನ ಕೇಳಿದರೆ, ‘ಸಾರ್, ಸಿಜಿಟಿಎಂಎಸ್‌ಇ ಗ್ಯಾರಂಟಿಗೆ ಹಾಕಿ’ ಅನ್ನಿ. ಇದು 2000ದಿಂದ ಇರುವ ಟ್ರಸ್ಟ್, ನಿಮ್ಮ ಸಾಲ ಮುಳುಗಿದರೆ ದೊಡ್ಡ ಪಾಲು ಬ್ಯಾಂಕಿಗೆ ತುಂಬಿಕೊಡುತ್ತದೆ. ಆ ಹೆಸರು ನಿಮ್ಮ ಬಾಯಲ್ಲಿ ಬಂದ ಕೂಡಲೇ ಎದುರಿಗಿದ್ದವರ ದನಿ ಬದಲಾಗುತ್ತದೆ, ನೋಡುತ್ತಿರಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೊಡಲೇಬೇಕು. 25 ಲಕ್ಷದವರೆಗಿನ ಸಣ್ಣ ಉದ್ಯಮದ ಅರ್ಜಿಗೆ 14 ಕೆಲಸದ ದಿನಗಳೊಳಗೆ ಹೌದು ಅಥವಾ ಇಲ್ಲ ಅಂತ ಹೇಳಬೇಕು. ಇಲ್ಲ ಅಂದರೆ ಕಾರಣವನ್ನು ಬರೆದು ಕೊಡಬೇಕು. ಈ ಸ್ವೀಕೃತಿ ಅನ್ನೋ ಚೀಟಿ ಬಹಳ ದೊಡ್ಡದು. ಅದು ಇಲ್ಲದಿದ್ದರೆ 14 ದಿನ ಯಾವತ್ತಿನಿಂದ ಅಂತ ಎಣಿಸೋದು?

ಪಿಎಂಇಜಿಪಿ ಅರ್ಜಿ ಆನ್‌ಲೈನಿನಲ್ಲಿ ಉಚಿತ. ಸಣ್ಣ ಉದ್ಯಮಗಳನ್ನು ಸರ್ಕಾರದಲ್ಲಿ ದಾಖಲು ಮಾಡಿಸುವ ಉದ್ಯಮ್ ನೋಂದಣಿಯೂ ಉಚಿತ. ಏಜೆಂಟ್ ಇವೆರಡಕ್ಕೂ ಬೇರೆ ದುಡ್ಡು ಕಿತ್ತಿದ್ದರೆ ಆಶ್ಚರ್ಯ ಇಲ್ಲ. ಸಣ್ಣ ವ್ಯಾಪಾರಿಗಳಿಗೆ ಕೊಡುವ ಮುದ್ರಾ ಸಾಲಕ್ಕೂ ಯಾವ ಏಜೆಂಟರನ್ನೂ ನೇಮಿಸಿಲ್ಲ ಅಂತ ಮುದ್ರಾ ಸಂಸ್ಥೆಯೇ ಪ್ರಕಟಣೆ ಕೊಟ್ಟಿದೆ. ಹಾಗೆ ನೋಡಿದರೆ ಮುದ್ರಾದಲ್ಲಿ ಏಜೆಂಟರ ಕಾಟ ಸ್ವಲ್ಪ ಕಡಿಮೆ, ಅಲ್ಲಿ ಸಬ್ಸಿಡಿ ಇಲ್ಲವಲ್ಲ. ಬೆಲ್ಲ ಇದ್ದಲ್ಲೇ ತಾನೇ ಇರುವೆ.

ಈಗ 40,000. ಮೂರೇ ದಿನ ಉಳಿದಿದೆ ಅಂದೆನಲ್ಲ, ಅದು ಇದಕ್ಕೆ. ಭ್ರಷ್ಟಾಚಾರ ತಡೆ ಕಾಯ್ದೆ 1988ರದು, 2018ರಲ್ಲಿ ತಿದ್ದುಪಡಿ ಆಯಿತು. ಅಲ್ಲಿಂದೀಚೆಗೆ ಲಂಚ ಕೊಡೋದೂ ನೇರ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ. ಅಧಿಕಾರಿಗೆ ತಲುಪಲಿ ಅಂತ ನಡುವಿನವನ ಕೈಗೆ ಕೊಟ್ಟರೂ ಅಷ್ಟೇ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರಿಗೆ ಈ ಕಲಂ ತಟ್ಟೋದಿಲ್ಲ. ಮೊದಲೇ ತಿಳಿಸಿ, ಅವರಿಗೆ ನೆರವಾಗೋಕೆ ಅಂತ ಕೊಟ್ಟರೂ ತಟ್ಟೋದಿಲ್ಲ. ಅಧಿಕಾರಿಯ ಮೇಲೆ ಪ್ರಭಾವ ಬೀರುತ್ತೇನೆ ಅಂತ ದುಡ್ಡು ತೆಗೆದುಕೊಂಡ ನಡುವಿನವನಿಗೆ ಬೇರೆಯದೇ ಕಲಂ, 7ಎ. ಕನಿಷ್ಠ ಮೂರು ವರ್ಷ, ಗರಿಷ್ಠ ಏಳು. ಟೀ ಅಂಗಡಿಯ ನನ್ನ ‘ಪ್ರಾಮಾಣಿಕ’ನ ಕಾಲಕ್ಕೆ ಇದು ಇದ್ದಿದ್ದರೆ ಅಂತ ಅನ್ನಿಸುತ್ತದೆ.

ಒಂದು ಸೂಕ್ಷ್ಮ ಇದೆ. ಪ್ರಾಜೆಕ್ಟ್ ರಿಪೋರ್ಟ್ ಬರೆಸೋಕೆ ಅಕೌಂಟೆಂಟರಿಗೋ ಬರೆಯಬಲ್ಲ ಇನ್ಯಾರಿಗೋ ದುಡ್ಡು ಕೊಟ್ಟು ರಸೀದಿ ತೆಗೆದುಕೊಳ್ಳೋದು ತಪ್ಪಲ್ಲ, ಅದು ಕೂಲಿ. ಆದರೆ ನಿಮ್ಮ ಏಜೆಂಟ್ ‘ಸಾಹೇಬರದ್ದೂ ಸೇರಿದೆ’ ಅಂದುಬಿಟ್ಟಿದ್ದಾನೆ. ಆ ಮಾತು ಕೇಳಿದ ಮೇಲೆ ಕೊಟ್ಟಿದ್ದನ್ನು ಟೈಪಿಂಗ್ ಚಾರ್ಜು ಅಂತ ಕರೆಯೋದು ಕಷ್ಟ.

ದೂರು ಎಲ್ಲಿ? ಜಿಲ್ಲಾ ಕೈಗಾರಿಕಾ ಕೇಂದ್ರದವರು ಕೇಳಿದ್ದರೆ ನೇರ ಲೋಕಾಯುಕ್ತ ಪೊಲೀಸ್. ರಾಷ್ಟ್ರೀಕೃತ ಬ್ಯಾಂಕಿನವರಾದರೆ ಸಾಮಾನ್ಯವಾಗಿ ಸಿಬಿಐನ ಬೆಂಗಳೂರು ಶಾಖೆ. ಆದರೆ 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ, ಇಲ್ಲಿ ತನಿಖೆ ಮಾಡೋಕೆ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆ ಹಿಂತೆಗೆದುಕೊಂಡಿದೆ. ಹಾಗಾಗಿ ಸಿಬಿಐಯವರು ‘ಅನುಮತಿ ಬೇಕು, ಕಾಯಿರಿ’ ಅನ್ನಬಹುದು. ನೀವು ಕಾಯಬೇಡಿ. ಅದೇ ದೂರನ್ನು ಲೋಕಾಯುಕ್ತ ಪೊಲೀಸರಿಗೂ ಕೊಡಿ. ಯಾರ ವ್ಯಾಪ್ತಿ ಅಂತ ಅವರವರೇ ಮಾತಾಡಿಕೊಳ್ಳಲಿ, ನಿಮ್ಮ ಹತ್ತಿರ ಏಳು ದಿನದೊಳಗಿನ ಸೀಲು ಇರಬೇಕು ಅಷ್ಟೇ. ಖಾಸಗಿ ಬ್ಯಾಂಕಿನವರಿಗೆ ಈ ಕಾಯ್ದೆ ತಟ್ಟೋದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ಕಾಯ್ದೆಯ ಮಟ್ಟಿಗೆ ಅವರೂ ಸಾರ್ವಜನಿಕ ನೌಕರರೇ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪು ಕೊಟ್ಟಿದೆ.

ದೂರು ಕೊಟ್ಟ ಮೇಲೆ ಲಂಚ ತೆಗೆದುಕೊಳ್ಳುವಾಗಲೇ ಹಿಡಿಯೋ ‘ಟ್ರ್ಯಾಪ್’ ಅಂದರೆ ಜನ ಸಿನಿಮಾ ಥರ ಅಂದುಕೊಳ್ಳುತ್ತಾರೆ. ನೋಟಿನ ನಂಬರು ಬರೆದುಕೊಂಡು, ಫಿನಾಲ್ಫ್ಥಲೀನ್ ಪುಡಿ ಸವರಿ, ಇಬ್ಬರು ಪಂಚರನ್ನು (ಸಾಕ್ಷಿಗಳನ್ನು) ಕೂರಿಸಿ ಕಳಿಸುತ್ತಾರೆ. ಮುಟ್ಟಿದವರ ಕೈಯನ್ನು ಸೋಡಾ ಕಾರ್ಬೊನೇಟ್ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಆಗುತ್ತದೆ. ಆದರೆ ಕೈ ಗುಲಾಬಿ ಆದರೆ ಸಾಲದು. ಕೇಳಿದ್ದರು ಅನ್ನೋದು ಸಾಬೀತಾಗಬೇಕು. 2022ರ ಡಿಸೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಒತ್ತಿ ಹೇಳಿ, ಜೊತೆಗೆ ದೂರುದಾರರು ತೀರಿಹೋದರೂ ಉಲ್ಟಾ ಹೊಡೆದರೂ ಬೇರೆ ಸಾಕ್ಷ್ಯಗಳಿಂದ ಸಾಬೀತು ಮಾಡಬಹುದು ಅಂದಿತು. ಹಾಗಾಗಿ ಏಜೆಂಟನ ವಾಟ್ಸಾಪ್ ಮೆಸೇಜು, ವಾಯ್ಸ್ ನೋಟು ಯಾವುದನ್ನೂ ಅಳಿಸಬೇಡಿ. ಇನ್ನೊಂದು ಫೋನಿಗೆ ಕಳಿಸಿದ ಪ್ರತಿ ಸಾಲದು, ಬಂದ ಫೋನನ್ನೇ ಜೋಪಾನವಾಗಿಡಿ. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ, ದಯವಿಟ್ಟು.

ಲಂಚದ ಮಾತಿಲ್ಲ, ಸುಮ್ನೆ ಫೈಲು ಕೂತಿದೆ ಅಂದರೆ ದಾರಿ ಬೇರೆ. ಮೊದಲು ಬ್ಯಾಂಕಿನ ಮೇಲಿನ ಕಚೇರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ಕೇಳುವ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್. ಸಾಲ ಕೊಡಲೇಬೇಕು ಅಂತ ಒಂಬುಡ್ಸ್‌ಮನ್ ಆದೇಶ ಮಾಡೋದಿಲ್ಲ, ಕೊಡೋದು ಬಿಡೋದು ಬ್ಯಾಂಕಿನ ತೀರ್ಮಾನ. ಸ್ವೀಕೃತಿ ಕೊಡಲಿಲ್ಲ, ಕಾರಣ ಬರೆದುಕೊಡಲಿಲ್ಲ ಅನ್ನುವಂಥದ್ದಕ್ಕೆ ಮಾತ್ರ ಕೇಳುತ್ತಾರೆ.

ನಿಮ್ಮ ಮನೆಯವರು ‘ಎಲ್ಲರೂ ಕೊಟ್ಟೇ ಮಾಡಿಸಿಕೊಳ್ಳೋದು’ ಅಂದರಲ್ಲ, ಅವರ ಮಾತನ್ನು ನಾನು ಹಗುರ ಮಾಡೋದಿಲ್ಲ. ದೂರು ಕೊಟ್ಟರೆ ಓಡಾಟ ಇದೆ, ಊರಲ್ಲಿ ಮಾತು ಇದೆ, ಆ ಶಾಖೆಯಲ್ಲಿ ನಿಮ್ಮ ಸಾಲ ಬಹುಶಃ ಆಗೋದಿಲ್ಲ. ಬೇರೆ ಬ್ಯಾಂಕಿಗೆ ಹೊಸದಾಗಿ ಹೋಗಬೇಕು, ಮೂರ್ನಾಲ್ಕು ತಿಂಗಳು ತಡ ಆಗಬಹುದು. ಅಷ್ಟು ತಡ ಆದರೂ 8.5 ಲಕ್ಷದ ನಿಜವಾದ ಫೈಲು ನಿಮ್ಮ ಕೈಯಲ್ಲಿ ಇರುತ್ತದೆ ಅನ್ನೋದು ನನ್ನ ಲೆಕ್ಕ.

ಈ ವಾರ ಒಂದು ಕೆಲಸ ಮಾಡಿ. ಅಣ್ಣನ ಗಾಣ ಮಾಡಿಕೊಟ್ಟವರು ಯಾರು ಅಂತ ಕೇಳಿಕೊಂಡು ನೀವೇ ಅವರ ಹತ್ತಿರ ಹೋಗಿ, ಜಿಎಸ್‌ಟಿ ನಂಬರ್ ಇರುವ ಕೊಟೇಶನ್ ತನ್ನಿ. ಹೋಲಿಕೆಗೆ ಇನ್ನೊಬ್ಬರ ಹತ್ತಿರ ಮತ್ತೊಂದು. ಏಜೆಂಟ್ ಆಗಲೇ ನಿಮ್ಮ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದ್ದರೆ ಅದರಲ್ಲಿ ಯಾರ ಮೊಬೈಲ್ ನಂಬರ್ ಕೊಟ್ಟಿದ್ದಾನೆ ಅಂತಲೂ ಮರೆಯದೆ ನೋಡಿ. ಬಹಳ ಸಲ ಅದು ಅವನದ್ದೇ ಆಗಿರುತ್ತದೆ, ಒಟಿಪಿಗಳೆಲ್ಲ ಅವನಿಗೇ ಹೋಗುತ್ತಿರುತ್ತವೆ.